ದುಡಿಮೆಗೆ ಷೇರು, ಷೇರಿಗೆ ಮತ

(ನಾಗಪುರದಲ್ಲಿ ನೆಲೆಸಿರುವ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ನಾಗಪುರದಲ್ಲಿ ಕೈಗಾರಿಕೆಯ ಮಾತೆತ್ತಿದವರು ಎಂಪ್ರೆಸ್ ಗಿರಣಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಜಮ್‌ಷೆಟ್‌ಜಿ ಟಾಟಾ ಅವರು 1874ರಲ್ಲಿ ಸೆಂಟ್ರಲ್ ಇಂಡಿಯಾ ಸ್ಪಿನ್ನಿಂಗ್, ವೀವಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯನ್ನು ಸ್ಥಾಪಿಸಿದರು. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಘೋಷಿಸಿದ ದಿನವೇ, ಆ ಕಂಪನಿಯ ಗಿರಣಿ ಈ ಊರಿನಲ್ಲಿ ಆರಂಭವಾಯಿತು. ಅಂದಿಗೆ ಅದು ಹೊಸ ತಂತ್ರಜ್ಞಾನವನ್ನು ನೆಚ್ಚಿದ ಎಳೆಯ ಕಂಪನಿ. ಅಲ್ಲಿ ದುಡಿಯುವವರಿಗಾಗಿ 1886ರಲ್ಲಿ ಪಿಂಚಣಿ ನಿಧಿಯೂ 1895ರಲ್ಲಿ ಅಪಘಾತ ಪರಿಹಾರದ ವ್ಯವಸ್ಥೆಯೂ ಜಾರಿಗೆ ಬಂದವು. ಕಾರ್ಮಿಕರ ಪರಿಹಾರ ಕಾಯ್ದೆ ನಮ್ಮ ದೇಶದಲ್ಲಿ ಬಂದದ್ದು 1923ರಲ್ಲಿ ಎಂಬುದನ್ನು ಗಮನಿಸಿದರೆ, ಆ ಗಿರಣಿಯು ಎಷ್ಟು ಮುಂದೆ ನೋಡಿತ್ತೆಂಬುದು ತಿಳಿಯುತ್ತದೆ. ಆದರೆ ಪಿಂಚಣಿಯಾಗಲಿ ಪರಿಹಾರವಾಗಲಿ ಗಿರಣಿಯ ಗಳಿಕೆಯಿಂದ ಸಲ್ಲುವ ಹಣ, ಒಡೆತನದ ಪಾಲಲ್ಲ.

ಇಂದು ಇದೇ ನಗರದ ದಕ್ಷಿಣದ ಅಂಚಿನಲ್ಲಿರುವ ಮಿಹಾನ್ ಪ್ರದೇಶದಲ್ಲಿ ತಂತ್ರಾಂಶ ಕಂಪನಿಗಳು ನೆಲೆಯೂರಿವೆ. ಕರ್ನಾಟಕದಿಂದ ಬಂದ ತರುಣ ತರುಣಿಯರೂ ಅಲ್ಲಿ ದುಡಿಯುತ್ತಿದ್ದಾರೆ. ನಾಗಪುರದಲ್ಲಿ ಬೆಳೆದ ನಮ್ಮ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳ ಹೊಸ ಕಂಪನಿಗಳಿಗೆ ಹೋಗುತ್ತಿದ್ದಾರೆ. ಅವರಲ್ಲಿ ಅನೇಕರ ನೇಮಕಾತಿ ಪತ್ರದಲ್ಲಿ ಸಂಬಳದ ಅಂಕಿಯ ಕೆಳಗೆ ಇನ್ನೊಂದು ಸಾಲು ಇರುತ್ತದೆ: ಇಂತಿಷ್ಟು ವರ್ಷ ಸೇವೆ ಸಲ್ಲಿಸಿದರೆ ಇಂತಿಷ್ಟು ಷೇರುಗಳನ್ನು ಇಂಥ ಬೆಲೆಗೆ ಪಡೆಯುವ ಹಕ್ಕು. ಅದೇ ಮನೆಯಲ್ಲಿ ನಿವೃತ್ತರಾದ ತಂದೆಯವರೋ ಸೋದರಮಾವನೋ ಉಳಿತಾಯದ ಹಣದಿಂದ ಬೇರೊಂದು ಕಂಪನಿಯ ಷೇರು ಕೊಂಡಿರುತ್ತಾರೆ. ಆ ಕಂಪನಿಯಿಂದ ಅವರಿಗೆ ಒಂದು ನೋಟೀಸು ಬರುತ್ತದೆ: ನಮ್ಮ ನೌಕರರಿಗೆ ಷೇರು ನೀಡುವ ಯೋಜನೆಗೆ ನಿಮ್ಮ ಒಪ್ಪಿಗೆ ಬೇಕು, ಮತ ನೀಡಿ, ಎಂದು. ಹೀಗೆ ಒಂದೇ ಮನೆಯೊಳಗೆ ಪಡೆಯುವವರೂ ಕೊಡುವವರೂ ಇರುತ್ತಾರೆ. ಪಡೆಯುವವರಿಗೆ ತಾವು ಪಡೆಯುತ್ತಿರುವುದು ಗೊತ್ತು. ಕೊಡುವವರಿಗೆ ತಾವು ಕೊಡುತ್ತಿದ್ದೇವೆಂಬುದು ಬಹುಮಟ್ಟಿಗೆ ಗೊತ್ತಿರುವುದಿಲ್ಲ. ನನ್ನ ಈ ಹೊತ್ತಿನ ಮಾತು ಮುಖ್ಯವಾಗಿ ಈ ಎರಡನೆಯವರಿಗೆ ಸಂಬಂಧಿಸಿದ್ದು.

ಕಂಪನಿಯೊಂದು ನೌಕರನಿಗೆ ಸಂಬಳ ಕೊಟ್ಟರೆ ಆ ಹಣ ಕಂಪನಿಯ ಖಜಾನೆಯಿಂದ ಹೋಗುತ್ತದೆ. ಹೊಸ ಷೇರು ಕೊಟ್ಟಾಗ ಖಜಾನೆಯಿಂದ ಒಂದು ಕಾಸೂ ಹೋಗುವುದಿಲ್ಲ. ಬದಲಿಗೆ ಅಷ್ಟಿಷ್ಟು ಒಳಗೇ ಬರುತ್ತದೆ. ಆದುದರಿಂದ ಇದು ಯಾರ ಕೈಯನ್ನೂ ಕಚ್ಚದ ಕೊಡುಗೆ ಎಂಬ ಭ್ರಮೆ ಹುಟ್ಟುವುದು ಸಹಜ. ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಒಂದು ಕಂಪನಿಯಲ್ಲಿ 1,00,000 ಷೇರುಗಳಿವೆ, ಕಂಪನಿಯ ಒಟ್ಟು ಮೌಲ್ಯ 1 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ಆಗ ಒಂದು ಷೇರಿಗೆ 100 ರೂಪಾಯಿ. ನಿಮ್ಮಲ್ಲಿ 1,000 ಷೇರುಗಳಿದ್ದರೆ ನೀವು ನೂರರಲ್ಲಿ ಒಂದು ಪಾಲಿನ ಒಡೆಯರು. ಈಗ ಕಂಪನಿಯು ನೌಕರರಿಗೆ 10,000 ಹೊಸ ಷೇರುಗಳನ್ನು ತಲಾ 10 ರೂಪಾಯಿಗೆ ಕೊಡುತ್ತದೆ. ಕಂಪನಿಗೆ 1 ಲಕ್ಷ ರೂಪಾಯಿ ಬಂತು. ಮೌಲ್ಯ 1 ಕೋಟಿ 1 ಲಕ್ಷವಾಯಿತು. ಆದರೆ ಷೇರುಗಳ ಸಂಖ್ಯೆ 1,10,000ಕ್ಕೆ ಏರಿತು. ಭಾಗಿಸಿದರೆ ಒಂದು ಷೇರಿಗೆ 92 ರೂಪಾಯಿಗೂ ಸ್ವಲ್ಪ ಕಡಿಮೆ. ನಿಮ್ಮ 1,000 ಷೇರುಗಳಲ್ಲಿ 8,000 ರೂಪಾಯಿಗೂ ಮಿಕ್ಕಿದ ಮೌಲ್ಯ ನೌಕರರ ಕಡೆಗೆ ಸರಿಯಿತು. ಖಜಾನೆ ಕೊಡಲಿಲ್ಲ, ನೀವು ಕೊಟ್ಟಿರಿ.

ಹಾಗಾದರೆ ಇದು ಅನ್ಯಾಯವೇ? ಅಲ್ಲ. ಆ ನೌಕರರು ಒಡೆತನದ ಹುರುಪಿನಿಂದ ದುಡಿದು, ಬಿಟ್ಟುಹೋಗದೆ ನಿಂತು, ಕಂಪನಿಯ ಮೌಲ್ಯವನ್ನು 1 ಕೋಟಿಯಿಂದ 1 ಕೋಟಿ 9 ಲಕ್ಷಕ್ಕೆ ಏರಿಸಿದರೆ, ಅವರು ತಂದ 1 ಲಕ್ಷವೂ ಸೇರಿ ಒಂದು ಷೇರು ಮತ್ತೆ 100 ರೂಪಾಯಿ ಬಾಳುತ್ತದೆ. ಅದಕ್ಕಿಂತ ಹೆಚ್ಚು ಏರಿಸಿದರೆ ಇಬ್ಬರಿಗೂ ಲಾಭ. ಆದ್ದರಿಂದ ನಿಮ್ಮ ಮುಂದಿರುವ ಪ್ರಶ್ನೆ ಔದಾರ್ಯದ್ದಲ್ಲ, ಅಸೂಯೆಯದೂ ಅಲ್ಲ. ಈ ಷೇರುಗಳನ್ನು ಕೊಡದೆ ಹೋದರೆ ಆಗದಿದ್ದ ಆ 9 ಲಕ್ಷದ ಏಳಿಗೆ, ಕೊಟ್ಟರೆ ಆದೀತೆ ಎಂಬುದೇ ಪ್ರಶ್ನೆ. ಷೇರುದಾರನ ಮತವೆಂದರೆ ಈ ಒಂದು ಪ್ರಶ್ನೆಗೆ ಅವನು ಕೊಡುವ ಉತ್ತರ.

ಅನುವಾದವೇ ವೃತ್ತಿಯಾದ ನಾನು ಇಲ್ಲಿ ಒಂದೆರಡು ಪದಗಳ ಮಾತನ್ನಾಡಲು ಅನುಮತಿ ಬೇಡುತ್ತೇನೆ. ಈ ವಿಷಯದ ಕಾಗದಪತ್ರಗಳನ್ನು ಕನ್ನಡಿಸುವಾಗ ನಮ್ಮನ್ನು ಕಾಡುವ ಪದ ‘ವೆಸ್ಟಿಂಗ್’. ನೌಕರನಿಗೆ ಹಕ್ಕನ್ನು ಇಂದು ಘೋಷಿಸುತ್ತಾರೆ. ಆದರೆ ಅದು ಅವನದಾಗುವುದು ಒಂದು, ಎರಡು ಅಥವಾ ನಾಲ್ಕು ವರ್ಷ ದುಡಿದ ಮೇಲೆ. ನಡುವೆ ಕೆಲಸ ಬಿಟ್ಟರೆ ಉಳಿದದ್ದು ಹೋಯಿತು. ‘ಹಕ್ಕು ಪ್ರಾಪ್ತಿ’ ಎಂದು ಕೆಲವರು ಬರೆಯುತ್ತಾರೆ. ನನಗೆ ‘ಹಕ್ಕು ಮಾಗುವುದು’ ಎಂಬ ಮಾತೇ ಹೆಚ್ಚು ಸರಿಯೆನಿಸುತ್ತದೆ. ಕಾಯಿ ಮರದಲ್ಲಿದ್ದಷ್ಟು ದಿನವೇ ಮಾಗುವುದು. ಇನ್ನು ಕಾಯ್ದೆಯ ‘ಸ್ವೆಟ್ ಈಕ್ವಿಟಿ’ ಎಂಬುದನ್ನು ‘ಶ್ರಮ ಷೇರು’ ಎನ್ನಬಹುದು. ‘ಬೆವರಿನ ಷೇರು’ ಎಂದರೆ ಅರ್ಥ ಇನ್ನೂ ಚೆನ್ನಾಗಿ ಹೊಂದುತ್ತದೆ, ಆದರೆ ಕಚೇರಿಯ ಕಡತದಲ್ಲಿ ಬೆವರಿಗೆ ಜಾಗ ದೊರೆಯುವುದು ಕಷ್ಟ. ಈ ಉಪನ್ಯಾಸದಲ್ಲಿ ನೌಕರನ ಹಕ್ಕನ್ನು ‘ಐಚ್ಛಿಕ ಹಕ್ಕು’ ಎಂದು ಕರೆಯುತ್ತೇನೆ, ಏಕೆಂದರೆ ಷೇರು ಕೊಳ್ಳುವುದೂ ಬಿಡುವುದೂ ಅವನ ಇಚ್ಛೆ.

ನಮ್ಮ ದೇಶದಲ್ಲಿ ಎಳೆಯ ತಂತ್ರಜ್ಞಾನ ಕಂಪನಿಯೊಂದು ಈ ದಾರಿಯನ್ನು ಹಿಡಿದದ್ದನ್ನು ತಿಳಿಯಲು ಇನ್ಫೋಸಿಸ್‌ನ ಇತಿಹಾಸಕ್ಕೆ ಹೋಗಬೇಕು. 1981ರಲ್ಲಿ ಏಳು ಮಂದಿ ಪುಣೆಯಲ್ಲಿ ಆರಂಭಿಸಿದ ಈ ಕಂಪನಿ 1983ರಲ್ಲಿ ಬೆಂಗಳೂರಿಗೆ ಬಂತು. 1992ರವರೆಗೆ ಕಂಪನಿಯೊಂದು ಹೊಸ ಷೇರನ್ನು ಯಾವ ಬೆಲೆಗೆ ನೀಡಬೇಕೆಂಬುದನ್ನು ಸರ್ಕಾರದ ಬಂಡವಾಳ ನೀಡಿಕೆ ನಿಯಂತ್ರಣಾಧಿಕಾರಿಗಳು ನಿರ್ಧರಿಸುತ್ತಿದ್ದರು. 1947ರ ಆ ನಿಯಂತ್ರಣ ಕಾಯ್ದೆ 1992ರಲ್ಲಿ ರದ್ದಾಯಿತು. ಮರುವರ್ಷ, 1993ರ ಫೆಬ್ರವರಿಯಲ್ಲಿ, ಇನ್ಫೋಸಿಸ್ ತನ್ನ 10 ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಸಾರ್ವಜನಿಕರಿಗೆ ನೀಡಹೊರಟಿತು. ಜನ ಮುಗಿಬೀಳಲಿಲ್ಲ. ಉಳಿದ ಷೇರುಗಳನ್ನು ಮಾರ್ಗನ್ ಸ್ಟಾನ್ಲಿ ಸಂಸ್ಥೆ ಕೊಂಡಿತು. ತಂತ್ರಾಂಶವೆಂದರೇನೆಂದೇ ಹೆಚ್ಚಿನವರಿಗೆ ತಿಳಿಯದ ಕಾಲವದು. ಯಂತ್ರವೂ ಇಲ್ಲ, ಗೋದಾಮೂ ಇಲ್ಲ, ಇಂಥ ಕಂಪನಿಯ ಆಸ್ತಿ ಯಾವುದು ಎಂದು ಕೇಳಿದವರನ್ನು ಹಾಸ್ಯ ಮಾಡುವಂತಿಲ್ಲ. ಆಸ್ತಿಯೆಲ್ಲ ಸಂಜೆ ಮನೆಗೆ ಹೋಗಿ ಬೆಳಗ್ಗೆ ಮರಳಿ ಬರುವ ಎಂಜಿನಿಯರುಗಳೇ ಆಗಿದ್ದರು. ಅವರು ಒಂದು ಬೆಳಗ್ಗೆ ಮರಳಿ ಬರದೆ ಅಮೆರಿಕಕ್ಕೆ ಹೊರಟುಬಿಟ್ಟರೆ ಷೇರುದಾರರ ಕೈಯಲ್ಲಿ ಉಳಿಯುವುದು ಕಾಗದ.

ಈ ಹಿನ್ನೆಲೆಯಲ್ಲಿ 1994ರ ಸೆಪ್ಟೆಂಬರಿನಲ್ಲಿ ಕಂಪನಿ ನೌಕರರ ಷೇರು ಯೋಜನೆಯನ್ನು ರೂಪಿಸಿತು. 7,50,000 ವಾರಂಟುಗಳನ್ನು ನೌಕರರಿಗಾಗಿ ಕಾದಿರಿಸಿ, ಅವುಗಳನ್ನು ನೌಕರರ ಕಲ್ಯಾಣ ನ್ಯಾಸವೊಂದಕ್ಕೆ ತಲಾ 1 ರೂಪಾಯಿಗೆ ನೀಡಲಾಯಿತು. ನ್ಯಾಸದ ಮೂಲಕ ವಾರಂಟನ್ನು ಪಡೆದ ನೌಕರನು 100 ರೂಪಾಯಿ ಕೊಟ್ಟು ಒಂದು ಷೇರು ಪಡೆಯಬಹುದಾಗಿತ್ತು. ಆದರೆ ಐದು ವರ್ಷಗಳ ನಿರ್ಬಂಧವಿತ್ತು. ಅದೇ ಹಣಕಾಸು ವರ್ಷದಲ್ಲಿ ಕಂಪನಿಯು ವಿದೇಶಿ ಹೂಡಿಕೆ ಸಂಸ್ಥೆಗಳೇ ಮುಂತಾದವುಗಳಿಗೆ 5,50,000 ಷೇರುಗಳನ್ನು ಖಾಸಗಿಯಾಗಿ ಮಾರಿತು. ಬೆಲೆ ತಲಾ 450 ರೂಪಾಯಿ. ಎರಡು ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಹೊರಗಿನವರು 450 ರೂಪಾಯಿ ಕೊಟ್ಟ ಷೇರನ್ನು ನೌಕರನಿಗೆ 101 ರೂಪಾಯಿಗೆ ಕಾದಿರಿಸಲಾಗಿತ್ತು. ವ್ಯತ್ಯಾಸವನ್ನು 7,50,000ದಿಂದ ಗುಣಿಸಿದರೆ 26 ಕೋಟಿ ರೂಪಾಯಿ ದಾಟುತ್ತದೆ. ಕಂಪನಿಯಲ್ಲಿ ಆಗ ಇದ್ದ ಷೇರುಗಳು ಸುಮಾರು 72 ಲಕ್ಷ. ಅಂದರೆ ನೌಕರರಿಗೆ ತೆಗೆದಿಟ್ಟದ್ದು ಇದ್ದ ಷೇರುಗಳ ಹತ್ತನೆಯ ಒಂದು ಭಾಗದಷ್ಟು. ನನ್ನ ಉದಾಹರಣೆಯ ಲೆಕ್ಕವನ್ನು ನಾನು ಸುಮ್ಮನೆ ಆ ಪ್ರಮಾಣದಲ್ಲಿ ಹಾಕಿದ್ದಲ್ಲ.

ಷೇರುದಾರನು ಅಂದು ಇದನ್ನು ಒಪ್ಪಿದ್ದು ಲಾಭದಾಯಕವಾಯಿತೆ? ಕಂಪನಿಯು 1994, 1997 ಮತ್ತು 1999ರಲ್ಲಿ ಒಂದಕ್ಕೊಂದು ಬೋನಸ್ ಷೇರು ನೀಡಿತು, 2000ದಲ್ಲಿ 10 ರೂಪಾಯಿಯ ಷೇರನ್ನು 5 ರೂಪಾಯಿಯ ಎರಡಾಗಿ ವಿಭಜಿಸಿತು. 1993ರಲ್ಲಿ 9,500 ರೂಪಾಯಿಗೆ 100 ಷೇರು ಕೊಂಡು ಮಾರದೆ ಉಳಿಸಿಕೊಂಡವರ ಬಳಿ 2000ದ ವಿಭಜನೆಯ ನಂತರ 1,600 ಷೇರುಗಳಿದ್ದವು. 1999ರ ಮಾರ್ಚ್ 11ರಂದು ಕಂಪನಿಯು ಅಮೆರಿಕದ ನಾಸ್ಡಾಕ್ ವಿನಿಮಯ ಕೇಂದ್ರದಲ್ಲಿ ಸೇರ್ಪಡೆಯಾಯಿತು. ಹತ್ತನೆಯ ಒಂದು ಭಾಗವನ್ನು ಬಿಟ್ಟುಕೊಟ್ಟ ಷೇರುದಾರನು ಬಡವಾಗಲಿಲ್ಲ. ಆದರೆ ಒಂದು ಗೆಲುವಿನ ಕಥೆಯನ್ನು ನಿಯಮವೆಂದು ತಿಳಿಯುವುದು ಸಲ್ಲದು. ಅದೇ ಕಾಲದಲ್ಲಿ ಷೇರು ಹಂಚಿ, ಏಳಿಗೆ ಕಾಣದೆ, ಹೆಸರು ಕೂಡ ಉಳಿಯದಂತೆ ಹೋದ ತಂತ್ರಾಂಶ ಕಂಪನಿಗಳು ಕಡಮೆಯೇನಲ್ಲ. ಅವುಗಳ ಷೇರುದಾರರ ಮನೆಯಲ್ಲಿ ಈ ಉಪನ್ಯಾಸ ಮಾಡಿದರೆ ನನಗೆ ಕಾಫಿ ದೊರೆಯಲಿಕ್ಕಿಲ್ಲ.

1994ರಲ್ಲಿ ಇಂಥ ಯೋಜನೆಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಇರಲಿಲ್ಲ. 1956ರ ಕಂಪನಿ ಕಾಯ್ದೆಯ 81(1ಎ) ಪ್ರಕರಣವೇ ಆಧಾರ. ಹೊಸ ಷೇರನ್ನು ಮೊದಲು ಹಳೆಯ ಷೇರುದಾರರಿಗೆ ಅವರವರ ಪಾಲಿಗೆ ತಕ್ಕಂತೆ ನೀಡಬೇಕು; ಬೇರೆಯವರಿಗೆ ನೀಡಬೇಕಾದರೆ ಷೇರುದಾರರ ವಿಶೇಷ ನಿರ್ಣಯ ಬೇಕು, ಅಥವಾ ಸಾಧಾರಣ ನಿರ್ಣಯದೊಡನೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು, ಎಂಬುದು ಅದರ ಸಾರ. ನಮ್ಮ ಕೂಡುಕುಟುಂಬಗಳಲ್ಲಿ ಜಮೀನಿನ ಪಾಲನ್ನು ಹೊರಗಿನವರಿಗೆ ಕೊಡುವ ಮೊದಲು ದಾಯಾದಿಗಳನ್ನು ಕೇಳಬೇಕೆಂಬ ವಾಡಿಕೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮತದ ಹಕ್ಕು ಹುಟ್ಟಿದ್ದು ಇಲ್ಲಿಂದ. ಅದು ಕಂಪನಿಯ ಆಡಳಿತಗಾರರು ತೋರಿದ ಸೌಜನ್ಯವಲ್ಲ.

ಅನಂತರ ಪ್ರೊ. ಜೆ. ಆರ್. ವರ್ಮ ಅವರ ನೇತೃತ್ವದ ತಂಡದ ಶಿಫಾರಸುಗಳನ್ನು ಆಧರಿಸಿ ಭಾರತೀಯ ಷೇರುಪತ್ರ ಮತ್ತು ವಿನಿಮಯ ಮಂಡಳಿಯು, ಅಂದರೆ ಸೆಬಿಯು, 1999ರ ಜೂನ್‌ನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. 2014ರಲ್ಲಿ ಅವುಗಳ ಸ್ಥಾನದಲ್ಲಿ ವಿನಿಯಮಗಳು ಬಂದವು, 2021ರಲ್ಲಿ ಅವೂ ಪರಿಷ್ಕೃತವಾದವು. 1956ರ ಕಾಯ್ದೆಯ ಜಾಗದಲ್ಲಿ 2013ರ ಕಂಪನಿ ಕಾಯ್ದೆ ಬಂತು. ನೌಕರರ ಐಚ್ಛಿಕ ಹಕ್ಕಿನ ಮಾತು ಅದರ 62ನೆಯ ಪ್ರಕರಣದಲ್ಲಿದೆ. ಹೆಸರು ಬದಲಾದರೂ ತಿರುಳು ಉಳಿದಿದೆ: ಷೇರುಪೇಟೆಯಲ್ಲಿರುವ ಕಂಪನಿಯು ವಿಶೇಷ ನಿರ್ಣಯವಿಲ್ಲದೆ ಇಂಥ ಯೋಜನೆಯನ್ನು ಜಾರಿಗೆ ತರುವಂತಿಲ್ಲ. ಈ ವಿಷಯದಲ್ಲಿ ನಾವು ಹಿಂದುಳಿದವರೆಂದು ಭಾವಿಸಬೇಕಾಗಿಲ್ಲ. ಅಮೆರಿಕದ ನ್ಯೂಯಾರ್ಕ್ ಮತ್ತು ನಾಸ್ಡಾಕ್ ವಿನಿಮಯ ಕೇಂದ್ರಗಳು ಬಹುಮಟ್ಟಿಗೆ ಎಲ್ಲ ನೌಕರ ಷೇರು ಯೋಜನೆಗಳಿಗೂ ಷೇರುದಾರರ ಮತ ಬೇಕೆಂಬ ನಿಯಮವನ್ನು ಜಾರಿಗೆ ತಂದದ್ದು 2003ರಲ್ಲಿ.

ವಿಶೇಷ ನಿರ್ಣಯವೆಂದರೆ ಪರವಾದ ಮತಗಳು ವಿರುದ್ಧವಾದ ಮತಗಳ ಮೂರು ಪಟ್ಟಿಗೆ ಕಡಮೆಯಿಲ್ಲದಿರಬೇಕು. ನೂರು ಮತ ಬಿದ್ದರೆ ಎಪ್ಪತ್ತೈದು ಬೇಕು. ಸಾಧಾರಣ ನಿರ್ಣಯಕ್ಕೆ ವಿರುದ್ಧಕ್ಕಿಂತ ಪರವಾದವು ಹೆಚ್ಚಿದ್ದರೆ ಸಾಕು. ಇಲ್ಲಿ ‘ಬಿದ್ದ ಮತ’ ಎಂಬುದನ್ನು ಚೆನ್ನಾಗಿ ಗಮನಿಸಬೇಕು. ಮತ ನೀಡದವರು ಲೆಕ್ಕದಲ್ಲಿಯೇ ಬರುವುದಿಲ್ಲ. ‘ನಾನು ಸುಮ್ಮನಿದ್ದೆ, ಹಾಗಾಗಿ ಒಪ್ಪಲಿಲ್ಲ’ ಎಂದು ಷೇರುದಾರನು ಹೇಳಿಕೊಳ್ಳಬಹುದು. ಲೆಕ್ಕ ಹಾಗೆ ಹೇಳುವುದಿಲ್ಲ.

ಈ ಎರಡು ಬಗೆಯ ನಿರ್ಣಯಗಳ ಅಂತರ ಎಷ್ಟು ದೊಡ್ಡದೆಂಬುದಕ್ಕೆ 2017ರ ಪ್ರಸಂಗವೊಂದು ಸಾಕ್ಷಿ. ಇನ್ಫೋಸಿಸ್ ಅಷ್ಟು ಹೊತ್ತಿಗೆ ಎಳೆಯ ಕಂಪನಿಯಾಗಿರಲಿಲ್ಲ, ಆದರೂ ಪಾಠ ಎಲ್ಲರಿಗೂ ಹೊಂದುತ್ತದೆ. ಕಂಪನಿಯ ಮುಖ್ಯ ಕಾರ್ಯಾಚರಣಾಧಿಕಾರಿ ಯು. ಬಿ. ಪ್ರವೀಣ್ ರಾವ್ ಅವರ ವೇತನವನ್ನು, ಅದರ ಭಾಗವಾದ ಷೇರುಗಳನ್ನೂ ಒಳಗೊಂಡು, ಪರಿಷ್ಕರಿಸುವ ಪ್ರಸ್ತಾವ ಅಂಚೆ ಮತದಾನಕ್ಕೆ ಬಂತು. ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು ಬಹಿರಂಗವಾಗಿ ಆಕ್ಷೇಪಿಸಿದರು. ಅವರ ಆಕ್ಷೇಪ ವ್ಯಕ್ತಿಯ ಯೋಗ್ಯತೆಯ ಬಗ್ಗೆಯಲ್ಲ. ಬಹುಪಾಲು ನೌಕರರಿಗೆ ಶೇಕಡ 6ರಿಂದ 8ರಷ್ಟು ಏರಿಕೆ ದೊರೆತಿರುವಾಗ ಮೇಲಿನ ಹುದ್ದೆಯವರಿಗೆ ಶೇಕಡ 60ರಿಂದ 70ರಷ್ಟು ಏರಿಕೆ ನೀಡುವುದು ಸರಿಯಲ್ಲವೆಂಬುದು. ನಿರ್ಣಯ ಗೆದ್ದಿತು, ಆದರೆ ಚಲಾಯಿಸಿದ ಮತಗಳಲ್ಲಿ ಸುಮಾರು ಶೇಕಡ 67 ಮಾತ್ರ ಪರವಾಗಿದ್ದವು. ಅದು ಸಾಧಾರಣ ನಿರ್ಣಯವಾಗಿದ್ದುದರಿಂದ ಅಷ್ಟು ಸಾಕಾಯಿತು. ಅದೇ ಪ್ರಸ್ತಾವ ವಿಶೇಷ ನಿರ್ಣಯವಾಗಿ ಬಂದಿದ್ದರೆ ಬಿದ್ದುಹೋಗುತ್ತಿತ್ತು. ನೋಟೀಸನ್ನು ಓದುವಾಗ ಮೊಟ್ಟಮೊದಲು ಇದು ಯಾವ ಬಗೆಯ ನಿರ್ಣಯವೆಂದು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿ.

ನೋಟೀಸಿನಲ್ಲಿ ನಿರ್ಣಯದ ಪಾಠ ಒಂದೆರಡು ಪುಟ. ಅದರಲ್ಲಿ ತಿಳಿಯುವುದು ಕಡಮೆ. ನಿಜವಾದ ಸಂಗತಿಗಳು ಅದಕ್ಕೆ ಲಗತ್ತಿಸಿದ ವಿವರಣಾ ಟಿಪ್ಪಣಿಯಲ್ಲಿರುತ್ತವೆ. ಒಟ್ಟು ಎಷ್ಟು ಷೇರು, ಅದು ಈಗಿರುವ ಷೇರುಗಳ ಶೇಕಡ ಎಷ್ಟು, ನೌಕರನು ಕೊಡಬೇಕಾದ ಬೆಲೆ ಏನು, ಹಕ್ಕು ಮಾಗಲು ಎಷ್ಟು ಕಾಲ, ಒಬ್ಬ ನೌಕರನಿಗೆ ಗರಿಷ್ಠ ಎಷ್ಟು ಎಂಬುದನ್ನು ಅಲ್ಲಿ ಹೇಳಲೇಬೇಕು. ಹಕ್ಕು ನೀಡಿದ ದಿನದಿಂದ ಒಂದು ವರ್ಷ ಕಳೆಯುವ ಮೊದಲು ಅದು ಮಾಗುವಂತಿಲ್ಲವೆಂಬುದು 1999ರಿಂದ ಇರುವ ನಿಯಮ. ಬೆಲೆಯ ಸಾಲನ್ನು ಎರಡು ಸಲ ಓದಬೇಕು. ಇನ್ಫೋಸಿಸ್‌ನ 1999ರ ಯೋಜನೆಯಲ್ಲಿ, ಅದನ್ನು ಆ ವರ್ಷದ ಜೂನ್‌ನಲ್ಲಿ ಷೇರುದಾರರು ಅನುಮೋದಿಸಿದರು, ಮಾರುಕಟ್ಟೆಯ ನ್ಯಾಯಬೆಲೆಗಿಂತ ಕಡಮೆ ಬೆಲೆಗೆ ಹಕ್ಕು ನೀಡಬೇಕಾದರೆ ಮತ್ತೊಮ್ಮೆ ಸಾಮಾನ್ಯ ಸಭೆಯ ಒಪ್ಪಿಗೆ ಬೇಕೆಂಬ ಷರತ್ತಿತ್ತು. ಐದೇ ವರ್ಷಗಳ ಹಿಂದೆ 450ರ ಷೇರನ್ನು 101ಕ್ಕೆ ಕಾದಿರಿಸಿದ ಕಂಪನಿ, ಬೆಳೆದ ಮೇಲೆ ತನ್ನ ಕೈಯನ್ನು ತಾನೇ ಕಟ್ಟಿಕೊಂಡದ್ದು ಇದು. ಎಳೆಯ ಕಂಪನಿಗೆ ಹೊಂದುವ ಉದಾರತೆ ಬೆಳೆದ ಕಂಪನಿಗೂ ಹೊಂದಬೇಕೆಂದಿಲ್ಲ. ಮುಂದೆ 2016ರ ಮಾರ್ಚ್ 31ರಂದು ಅಂಚೆ ಮತದಾನದ ಮೂಲಕ ಅನುಮೋದನೆ ಪಡೆದ ಯೋಜನೆಯಲ್ಲಿ ಷೇರುಗಳ ಒಂದು ದೊಡ್ಡ ಭಾಗವನ್ನು ಕೇವಲ ಮುಖಬೆಲೆಗೆ, ಅಂದರೆ 5 ರೂಪಾಯಿಗೆ, ಕೊಡಲು ಅವಕಾಶವಿತ್ತು. 2019ರ ಜೂನ್ 22ರ ವಾರ್ಷಿಕ ಸಭೆಯಲ್ಲಿ ಒಪ್ಪಿದ ಯೋಜನೆಯ ಮಿತಿ 5 ಕೋಟಿ ಷೇರುಗಳು, ಅಂದರೆ ಒಟ್ಟು ಷೇರುಗಳ ನೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಅಲ್ಲಿ ಹಕ್ಕು ಮಾಗಲು ಕಾಲ ಕಳೆದರೆ ಸಾಲದು, ಕಂಪನಿಯು ಇತರ ಕಂಪನಿಗಳಿಗೆ ಹೋಲಿಸಿ ಏಳಿಗೆ ಕಂಡಿರಬೇಕೆಂಬ ಕಟ್ಟು ಸೇರಿತು. ಮತದಾರನಾಗಿ ನನಗೆ ಇಂಥ ಕಟ್ಟು ಕಂಡರೆ ಸಮಾಧಾನ. ಬರಿಯ ಕಾಲಾವಧಿಯೊಂದೇ ಇದ್ದರೆ ಅದು ಕುರ್ಚಿಯಲ್ಲಿ ಕುಳಿತಿದ್ದಕ್ಕೆ ಕೊಡುವ ಬಾಡಿಗೆಯಂತೆ ತೋರುತ್ತದೆ.

ಯಾರಿಗೆ ಕೊಡುತ್ತಾರೆಂಬುದು ಇನ್ನೂ ಸೂಕ್ಷ್ಮವಾದ ವಿಷಯ. ಒಂದೇ ವರ್ಷದಲ್ಲಿ ಒಬ್ಬ ನೌಕರನಿಗೆ ಕಂಪನಿಯ ಷೇರುಗಳ ಶೇಕಡ 1 ಅಥವಾ ಅದಕ್ಕಿಂತ ಹೆಚ್ಚು ಕೊಡಬೇಕಾದರೆ ಬೇರೆಯೇ ನಿರ್ಣಯ ಬೇಕು. ಅಂಗಸಂಸ್ಥೆಯ ನೌಕರರಿಗೆ ಕೊಡಲೂ ಹಾಗೆಯೇ. ಕಂಪನಿಯ ಪ್ರವರ್ತಕರಿಗೂ, ಶೇಕಡ 10ಕ್ಕಿಂತ ಹೆಚ್ಚು ಷೇರು ಹೊಂದಿದ ನಿರ್ದೇಶಕರಿಗೂ ಸಾಮಾನ್ಯವಾಗಿ ಇದು ಸಲ್ಲುವಂತಿಲ್ಲ. ಒಡೆಯನೇ ತನಗೆ ತಾನೇ ಒಡೆತನವನ್ನು ಬಹುಮಾನವಾಗಿ ಕೊಟ್ಟುಕೊಳ್ಳಬಾರದೆಂಬುದು ಆಶಯ. ಎಳೆಯ ಕಂಪನಿಗಳಲ್ಲಿ ಈ ಗೆರೆ ಮಸುಕಾಗುತ್ತದೆ. ಸಂಸ್ಥಾಪಕನು ಬಂಡವಾಳಕ್ಕಾಗಿ ತನ್ನ ಷೇರುಗಳನ್ನು ಸುತ್ತುಸುತ್ತಾಗಿ ಬಿಟ್ಟುಕೊಡುತ್ತ ಬಂದು, ಕೊನೆಗೆ ಸಂಬಳದ ನೌಕರನಂತೆಯೇ ಉಳಿದಿರುತ್ತಾನೆ. ಮಾನ್ಯತೆ ಪಡೆದ ನವೋದ್ಯಮಗಳಿಗೆ ಕಾನೂನು ಮೊದಲು ಐದು, ಅನಂತರ ಹತ್ತು ವರ್ಷಗಳವರೆಗೆ ಸಡಿಲಿಕೆ ನೀಡಿದ್ದು ಇದನ್ನು ಕಂಡೇ.

ಗೆರೆಯ ಮೇಲೆಯೇ ನಡೆದ ಒಂದು ಪ್ರಕರಣ ಪೇಟಿಎಂ ಸೇವೆಯನ್ನು ನಡೆಸುವ ಒನ್97 ಕಮ್ಯುನಿಕೇಷನ್ಸ್ ಕಂಪನಿಯದು. 2021ರ ನವೆಂಬರಿನಲ್ಲಿ ಷೇರುಪೇಟೆಗೆ ಬಂದ ಈ ಕಂಪನಿಯ ಸಂಸ್ಥಾಪಕ ವಿಜಯ್ ಶೇಖರ್ ಶರ್ಮಾ ಅವರಿಗೆ 2.1 ಕೋಟಿ ಐಚ್ಛಿಕ ಹಕ್ಕುಗಳು ದೊರೆತಿದ್ದವು. ಪೇಟೆಗೆ ಬರುವ ಮುನ್ನ ಅವರ ಷೇರುಗಳ ಒಂದು ಭಾಗ ಕುಟುಂಬದ ನ್ಯಾಸಕ್ಕೆ ವರ್ಗವಾಗಿ, ಅವರ ಪಾಲು ಶೇಕಡ 10ರ ಕೆಳಗಿಳಿದಿತ್ತು. ನಿಜಕ್ಕೂ ಅವರು ಪ್ರವರ್ತಕರಲ್ಲವೆ ಎಂದು ಸೆಬಿ ಪ್ರಶ್ನಿಸಿತು. 2025ರ ಏಪ್ರಿಲ್‌ನಲ್ಲಿ ಅವರು ಅಷ್ಟೂ ಹಕ್ಕುಗಳನ್ನು ತಾವಾಗಿ ಬಿಟ್ಟುಕೊಟ್ಟರು. ಮೇ ತಿಂಗಳಲ್ಲಿ ಪ್ರಕರಣ ಇತ್ಯರ್ಥವಾಯಿತು. ಜೂನ್‌ನಲ್ಲಿ ಸೆಬಿ ಮಂಡಳಿಯು, ಷೇರುಪೇಟೆಗೆ ಬರಲು ಕರಡು ದಾಖಲೆ ಸಲ್ಲಿಸುವುದಕ್ಕೆ ಕನಿಷ್ಠ ಒಂದು ವರ್ಷ ಮೊದಲು ಪಡೆದ ಹಕ್ಕುಗಳನ್ನು ಸಂಸ್ಥಾಪಕರು ಉಳಿಸಿಕೊಳ್ಳಬಹುದೆಂಬ ಬದಲಾವಣೆಗೆ ಒಪ್ಪಿಗೆ ನೀಡಿತು. ಇದರಿಂದ ಮತದಾರನ ಹೊಣೆ ಹಗುರಾಯಿತೆಂದು ನನಗೆ ಅನ್ನಿಸುವುದಿಲ್ಲ, ಭಾರವಾಯಿತೆಂದೇ ಅನ್ನಿಸುತ್ತದೆ. ಏಕೆಂದರೆ ಷೇರುಪೇಟೆಗೆ ಬರುವ ಮೊದಲು ರೂಪಿಸಿದ ಯೋಜನೆಯಡಿ ಹೊಸ ಹಕ್ಕುಗಳನ್ನು ನೀಡುವುದನ್ನು ಮುಂದುವರಿಸಬೇಕಾದರೆ, ಪೇಟೆಗೆ ಬಂದ ಮೇಲೆ ಸಾರ್ವಜನಿಕ ಷೇರುದಾರರು ಅದನ್ನು ಸ್ಥಿರೀಕರಿಸಬೇಕು. ಹೊಸ ಷೇರುದಾರನ ಕೈಗೆ ಮೊದಲು ಬರುವ ನೋಟೀಸುಗಳಲ್ಲಿ ಇದೂ ಒಂದು. ಷೇರು ಸಿಕ್ಕಿದ ಸಂತೋಷದಲ್ಲಿ ಅದನ್ನು ಯಾರೂ ಓದುವುದಿಲ್ಲ.

ಇನ್ನು ಪಡೆಯುವವರ ಕಡೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ನೇರ ತೆರಿಗೆ ಅಧಿಕಾರಿಗಳು ತರಬೇತಿ ಪಡೆಯುವ ರಾಷ್ಟ್ರೀಯ ಅಕಾಡೆಮಿ ಇದೇ ನಾಗಪುರದ ಛಿಂದವಾಡಾ ರಸ್ತೆಯಲ್ಲಿದೆ, ಆದುದರಿಂದ ತೆರಿಗೆಯನ್ನು ಮರೆತು ಮಾತನಾಡುವುದು ಈ ಊರಿಗೆ ಶೋಭಿಸದು. ನೌಕರನು ಹಕ್ಕನ್ನು ಚಲಾಯಿಸಿ ಷೇರು ಪಡೆದ ದಿನ, ಷೇರಿನ ನ್ಯಾಯಬೆಲೆಗೂ ಅವನು ಕೊಟ್ಟ ಬೆಲೆಗೂ ಇರುವ ಅಂತರ ಅವನ ಸಂಬಳದ ಭಾಗವೆಂದು ಎಣಿಕೆಯಾಗುತ್ತದೆ. ಷೇರನ್ನು ಮಾರಿ ಹಣ ಕೈಗೆ ಬರುವ ಮೊದಲೇ ತೆರಿಗೆ ಕಟ್ಟಬೇಕಾಗುತ್ತದೆ. ಷೇರುಪೇಟೆಗೆ ಬಾರದ ಎಳೆಯ ಕಂಪನಿಯ ಷೇರಿಗೆ ಕೊಳ್ಳುವವರೇ ಇರದಿರಬಹುದು. ಈ ಸಂಕಟವನ್ನು ತಗ್ಗಿಸಲು 2020ರಲ್ಲಿ ಅರ್ಹ ನವೋದ್ಯಮಗಳ ನೌಕರರಿಗೆ ತೆರಿಗೆಯನ್ನು ಮುಂದೂಡುವ ಅವಕಾಶ ನೀಡಲಾಯಿತು. ಕೆಲಸ ಬಿಟ್ಟರೆ ಅಥವಾ ಷೇರು ಮಾರಿದರೆ ಆ ಅವಕಾಶ ಅಲ್ಲಿಗೆ ಮುಗಿಯುತ್ತದೆ. ಹೆಚ್ಚಿನ ಎಳೆಯ ಕಂಪನಿಗಳು ಖಾಸಗಿ ಸೀಮಿತ ಕಂಪನಿಗಳು. 2015ರ ವಿನಾಯಿತಿಯ ಪ್ರಕಾರ ಅವುಗಳಲ್ಲಿ ನೌಕರರ ಯೋಜನೆಗೆ ಸಾಧಾರಣ ನಿರ್ಣಯ ಸಾಕು. ಅಲ್ಲಿ ಮತದಾರರು ಸಂಸ್ಥಾಪಕರೂ ಬಂಡವಾಳ ನಿಧಿಗಳೂ ಆಗಿರುತ್ತಾರೆ, ಮೇಜಿನ ಸುತ್ತ ಕುಳಿತು ಮುಗಿಸುತ್ತಾರೆ. ಆದರೆ ಹಕ್ಕನ್ನು ಷೇರಾಗಿಸಿಕೊಂಡ ನೌಕರನು ಅಂದಿನಿಂದ ತಾನೇ ಷೇರುದಾರ. ಮುಂದಿನ ವರ್ಷ ಬರುವ ಹೊಸ ನೌಕರರಿಗೆ ಷೇರು ಕೊಡಲು ಕೇಳುವ ನೋಟೀಸು ಅವನ ಹೆಸರಿಗೇ ಬರುತ್ತದೆ. ನನಗೆ ತಿಳಿದ ಒಬ್ಬ ತರುಣ, ತಾನು ಪಡೆಯುವಾಗ ಉದಾರವೆಂದು ಕೊಂಡಾಡಿದ ಯೋಜನೆಯನ್ನು, ಹೀಗೆ ನೋಟೀಸು ಬಂದ ದಿನ ದುಂದುಗಾರಿಕೆ ಎಂದು ಕರೆದ. ಎರಡು ದಿನವೂ ಅವನು ಹೇಳಿದ್ದರಲ್ಲಿ ಸತ್ಯವಿತ್ತು.

‘ನನ್ನ ಐವತ್ತು ಷೇರುಗಳ ಮತದಿಂದ ಏನಾದೀತು’ ಎಂಬ ಪ್ರಶ್ನೆಯನ್ನು ನೀವು ಕೇಳುವ ಮೊದಲೇ ನಾನು ಊಹಿಸಿದ್ದೇನೆ. ಒಂಟಿಯಾಗಿ ಆಗುವುದು ಕಡಮೆ. ಆದರೆ ನಿಮ್ಮ ಉಳಿತಾಯ ಮ್ಯೂಚುವಲ್ ಫಂಡಿನ ಮೂಲಕ ಹೋಗಿದ್ದರೆ ನಿಮ್ಮ ಪರವಾಗಿ ಅದು ಮತ ನೀಡುತ್ತದೆ. 2021ರ ಏಪ್ರಿಲ್ 1ರಿಂದ ನೌಕರರ ಷೇರು ಯೋಜನೆಗಳೂ ಸೇರಿದಂತೆ ಮುಖ್ಯ ವಿಷಯಗಳಲ್ಲಿ, ಮರುವರ್ಷದ ಏಪ್ರಿಲ್‌ನಿಂದ ಎಲ್ಲ ನಿರ್ಣಯಗಳಲ್ಲಿ, ಮ್ಯೂಚುವಲ್ ಫಂಡುಗಳು ಮತ ನೀಡುವುದನ್ನು ಸೆಬಿ ಕಡ್ಡಾಯಗೊಳಿಸಿದೆ. ಯಾವ ಕಡೆಗೆ ನೀಡಿದೆವು, ಏಕೆ ನೀಡಿದೆವು ಎಂಬುದನ್ನು ಅವು ಪ್ರಕಟಿಸಬೇಕು. ನಿಮ್ಮ ನಿಧಿಯು ಎಲ್ಲ ಯೋಜನೆಗಳಿಗೂ ಕಣ್ಣುಮುಚ್ಚಿ ಒಪ್ಪಿಗೆ ನೀಡುತ್ತಿದೆಯೋ ಕೆಲವನ್ನು ವಿರೋಧಿಸಿದೆಯೋ ಎಂದು ನೀವೇ ನೋಡಬಹುದು. ಕಾರಣದ ಕಾಲಮ್ಮಿನಲ್ಲಿ ಪ್ರತಿ ಸಲವೂ ಒಂದೇ ವಾಕ್ಯವಿದ್ದರೆ ನಿಧಿಯನ್ನು ನಡೆಸುವವರಿಗೆ ಪತ್ರ ಬರೆದು ಕೇಳಲು ಅಡ್ಡಿಯೇನಿಲ್ಲ.

ಷೇರು ನಿಮ್ಮ ಹೆಸರಿನಲ್ಲಿಯೇ ಇದ್ದರೆ ಮತ ನೀಡಲು ಮುಂಬಯಿಗೋ ಬೆಂಗಳೂರಿಗೋ ಹೋಗಬೇಕಾದ ಕಾಲ ಮುಗಿದಿದೆ. ಸಭೆಯ ನೋಟೀಸು ಪೂರ್ಣ 21 ದಿನಗಳ ಮೊದಲು ಬರಬೇಕು. ಷೇರುಪೇಟೆಯಲ್ಲಿರುವ ಕಂಪನಿಗಳು ವಿದ್ಯುನ್ಮಾನ ಮತದಾನಕ್ಕೆ ಅವಕಾಶ ನೀಡಬೇಕು. ಡಿಮ್ಯಾಟ್ ಖಾತೆಯ ಮೂಲಕ ಮನೆಯಲ್ಲಿಯೇ ಕುಳಿತು ಅದನ್ನು ಮಾಡಬಹುದು. ಒಮ್ಮೆ ನೀಡಿದ ಮತವನ್ನು ಬದಲಾಯಿಸುವಂತಿಲ್ಲ, ಆದ್ದರಿಂದ ವಿವರಣಾ ಟಿಪ್ಪಣಿಯನ್ನು ಓದುವುದು ಮೊದಲಾಗಲಿ. ಮತದಾನ ಕನಿಷ್ಠ ಮೂರು ದಿನ ತೆರೆದಿರುತ್ತದೆ. ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಅದು ಮುಚ್ಚುತ್ತದೆ.

ನಿಮ್ಮಲ್ಲಿ ಯಾರಾದರೂ ಅಂಥ ನೋಟೀಸನ್ನು ಜೊತೆಯಲ್ಲಿ ತಂದಿದ್ದರೆ ಈಗ ಒಟ್ಟಿಗೆ ಓದಿ ನೋಡೋಣ.